ಕಿಲುಬಿನ ಕಾವಲು

ಎಲ್ಲಾ ಶುರುವಾಗಿದ್ದು ಅರ್ಧ ನಿಂಬೆಹಣ್ಣಿನಿಂದ.

ಬೆಳಗ್ಗೆ ಏಳಕ್ಕೆ ಕಿಡಿಯಣ್ಣ ಮುಖ ಒರೆಸಿಕೊಳ್ಳುತ್ತಾ ಅಡುಗೆಮನೆಗೆ ಬಂದ. ಹೆಂಡತಿ ಒಂದು ಕೈಯಲ್ಲಿ ನಿಂಬೆಹಣ್ಣಿನ ಹೋಳು, ಇನ್ನೊಂದು ಕೈಯಲ್ಲಿ ಕಿಲುಬು ಹಿಡಿದ ತಾಮ್ರದ ಕಾಸು ಹಿಡಿದುಕೊಂಡು, ಉಪ್ಪಿನ ಡಬ್ಬಿಯ ಮುಚ್ಚಳವನ್ನು ಮೊಣಕೈಯಿಂದ ತೆಗೆಯಲು ಹೆಣಗುತ್ತಿದ್ದಳು.

"ಮುಟ್ಬೇಡ!"

ಆ ಕೂಗಿಗೆ ಕಿಟಕಿಯಲ್ಲಿ ಕೂತಿದ್ದ ಪಾರಿವಾಳ ಹಾರಿತು. ಹೆಂಡತಿಯ ಕೈಯಲ್ಲಿದ್ದ ನಿಂಬೆ ಹೋಳೂ ಹಾರಿತು. ಹಾರಿದ್ದು ಒಲೆಯ ಮೇಲೆ ಕಾಯುತ್ತಿದ್ದ ಹಾಲಿಗೆ ಬಿತ್ತು.

ಇಬ್ಬರೂ ಪಾತ್ರೆಯೊಳಗೆ ಬಗ್ಗಿ ನೋಡಿದರು. ಹಾಲು ಒಡೆದು ಚೂರುಚೂರಾಗಿತ್ತು.

"ಹಾಲು ಹೋಯ್ತು, ಕಾಸು ಉಳೀತು," ಅಂದಳು ಹೆಂಡತಿ ತಣ್ಣಗೆ. "ಇನ್ನು ಆ ಕಾಸನ್ನೇ ಕುದಿಸಿ ಕುಡೀರಿ."

"ನಿನ್ನೆಯಿಂದ ನೂರು ಸಲ ಹೇಳಿದ್ದೀನಿ, ಅದರ ಮೇಲಿರೋ ಕೊಳೇನೇ ಅದರ ಬೆಲೆ ಅಂತ!"

"ಹೌದ್ರೀ. ಹಾಗಾದ್ರೆ ನಿಮ್ಮ ಶರ್ಟಿನ ಕಾಲರಿಗೆ ಎಷ್ಟು ಬೆಲೆ ಬರುತ್ತೆ ಅಂತಾನೂ ಕೇಳ್ಕೊಂಡು ಬನ್ನಿ."

ಕಿಡಿಯಣ್ಣನ ಕೋಪ ಮೂಗಿನ ತುದಿಯಲ್ಲಿಯೇ ಇರುವಂಥದ್ದು. ಆ ಹೆಸರು ಬಂದಿದ್ದೂ ಅದರಿಂದಲೇ. ಅವನು ಇಪ್ಪತ್ತು ವರ್ಷದಿಂದ ಒಂದು ಪಾಲಿಶ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಹಿತ್ತಾಳೆ ಕಪ್ಪು, ತಾಮ್ರದ ತಟ್ಟೆ, ಬಾಗಿಲಿನ ನಾಮಫಲಕ, ಏನೇ ಬರಲಿ, ಕನ್ನಡಿಯ ಹಾಗೆ ಮಾಡಿ ಕೊಡುವುದು ಅವನ ಕಸುಬು. ಇಂಥವನಿಗೆ ಹೋದ ವಾರ ಅಟ್ಟ ಖಾಲಿ ಮಾಡುವಾಗ ಅಪ್ಪನ ಕಾಲದ ಒಂದು ತಗಡಿನ ಡಬ್ಬಿ ಸಿಕ್ಕಿತು. ಸೋರುವ ನೀರಿನ ಟ್ಯಾಂಕಿನ ಕೆಳಗೆ ಎಷ್ಟು ವರ್ಷ ಇತ್ತೋ ಏನೋ. ಒಳಗೆ ಹದಿನಾರು ತಾಮ್ರದ ಕಾಸು. ಒಂದೊಂದರ ಮೇಲೂ ಪಾಚಿ ಬೆಳೆದಂತೆ ಕಿಲುಬು.

ಅವನ ಎಡಗೈ ಅವತ್ತೇ ತುರಿಸಿತ್ತು. ಕೊಳೆಯಾದ ತಾಮ್ರ ಕಂಡರೆ ಅವನಿಗೆ ಹಸಿದವನಿಗೆ ಅನ್ನ ಕಂಡ ಹಾಗೆ. ಆದರೆ ನಿನ್ನೆ ಹಳೆ ನಾಣ್ಯ ಕೊಳ್ಳುವವರೊಬ್ಬರಿಗೆ ಫೋನ್ ಮಾಡಿದಾಗ ಅವರು ಹೇಳಿದ್ದು ಇಷ್ಟು: "ತೊಳೀಬೇಡಿ. ಒರೆಸಬೇಡಿ. ಊದಲೂಬೇಡಿ. ಹೇಗಿವೆಯೋ ಹಾಗೇ ಇರಲಿ. ಉಜ್ಜಿದ ಕಾಸಿಗೆ ತೂಕದ ಬೆಲೆ, ಉಜ್ಜದ ಕಾಸಿಗೆ ನೀವು ಕೇಳಿದ ಬೆಲೆ. ನಾಳೆ ಸಂಜೆ ನಾಲ್ಕೂವರೆಗೆ ನಿಮ್ಮ ಅಂಗಡಿಗೇ ಬರ್ತೀನಿ."

ಕಿಡಿಯಣ್ಣನಿಗೆ ಬೇಕಾಗಿದ್ದು ಒಂದು ಮೋಟಾರು. ಎರಡು ಉಜ್ಜುವ ಚಕ್ರದ, ಸ್ವಲ್ಪವೇ ಬಳಸಿದ ಪಾಲಿಶ್ ಮೋಟಾರು ಗುಜರಿಯವನ ಹತ್ತಿರ ಬಂದಿತ್ತು. ಅದನ್ನು ಮನೆಯ ಮುಂದಿನ ಕೋಣೆಯಲ್ಲಿ ಹಾಕಿಕೊಂಡರೆ ತಾನೇ ಯಜಮಾನ. ಅಂಗಡಿಯ ಯಜಮಾನರ ಗಂಟಲು ಇನ್ನು ಕೇಳಬೇಕಾಗಿಲ್ಲ. "ನಾಳೆ ಸಂಜೆ ಆರರವರೆಗೆ ಇಟ್ಕೊಂಡಿರ್ತೀನಿ. ಆಮೇಲೆ ಬೇರೆಯವರು ಕಾಯ್ತಿದ್ದಾರೆ," ಅಂದಿದ್ದ ಗುಜರಿಯವನು ನಿನ್ನೆ.

ಹೆಂಡತಿಯ ಕೈಯಿಂದ ಕಾಸು ಕಿತ್ತುಕೊಂಡು ಡಬ್ಬಿಗೆ ಹಾಕಿ, ಎಣಿಸಿದ. ಹದಿನಾರು. ಮುಂದಿನ ಕೋಣೆಯಲ್ಲಿ ಅಮ್ಮ ಕನ್ನಡಕ ಮೂಗಿನ ಮೇಲೆ ಜಾರಿಸಿಕೊಂಡು ಅವನ ಕೆಲಸದ ಅಂಗಿಗೆ ಗುಂಡಿ ಹಾಕುತ್ತಿದ್ದರು.

"ಹದಿನಾರೇನಾ ಇರೋದು?" ಅಂದರು.

"ಹೂಂ."

"ಇನ್ನೊಂದು ನನ್ನ ಗುಂಡಿ ಡಬ್ಬೀಲಿದೆ ನೋಡು." ಅಮ್ಮ ಡಬ್ಬಿಯೊಳಗೆ ಬೆರಳಾಡಿಸಿ, ಗುಂಡಿಗಳ ನಡುವಿನಿಂದ ಒಂದು ಕಂದು ಬಣ್ಣದ ಕಾಸು ಹೆಕ್ಕಿ ತೆಗೆದರು. "ಈ ಕಾಸುಗಳ ಕತೆ ಗೊತ್ತಾ ನಿನಗೆ? ನೀನು ಇಷ್ಟುದ್ದ ಇದ್ದಾಗ ನಿಮ್ಮಪ್ಪ..."

"ಅಮ್ಮಾ, ನನಗೆ ಹೊತ್ತಾಗಿದೆ! ಕತೆ ಎಲ್ಲಾ ಸಂಜೆ ಹೇಳು!"

"ಸಂಜೆಗೆ ಮರೆತುಹೋದರೆ?"

"ಮರೆತುಹೋದರೆ ಇನ್ನೂ ಒಳ್ಳೇದು!"

ಅಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. ಅಂಗಿ ತೊಡಿಸಿ, ಕಾಸನ್ನು ಅವನ ಜೇಬಿಗೆ ಹಾಕಿ, ಮೇಲಿನಿಂದ ತಟ್ಟಿದರು. ಗುಂಡಿ ಡಬ್ಬಿಯ ಕಾಸಂತೆ, ಎಂದು ಗೊಣಗಿಕೊಂಡು ಕಿಡಿಯಣ್ಣ ಹೊರಟ. ಮೊದಲ ಮಹಡಿಗೆ ಇಳಿಯುವಷ್ಟರಲ್ಲಿ ಅದನ್ನು ಮರೆತೂಬಿಟ್ಟ.

ಮರೆಯುವುದಕ್ಕೆ ಕಾರಣ ಕೆಳಗಿನ ಮನೆಯ ಕಾಂಪೌಂಡರು. ಆಸ್ಪತ್ರೆಯಿಂದ ನಿವೃತ್ತರಾದ ಮೇಲೆ ಅವರಿಗೆ ರೋಗಿಗಳ ಬರ. ಮೆಟ್ಟಿಲ ಮೇಲೆ ಒಂದು ಸೀಸೆ ಹಿಡಿದುಕೊಂಡು ನಿಂತಿದ್ದರು.

"ನಿಮ್ಮ ಮನೆಯವರು ಹೇಳಿದ್ರು. ಇದನ್ನ ಎರಡೇ ಎರಡು ತೊಟ್ಟು ಹಾಕಿ. ಕಿಲುಬು ಹೆದರಿಕೊಂಡು ಓಡಿಹೋಗುತ್ತೆ."

"ಓಡಿಹೋಗೋದು ಬೇಡ ಸರ್, ಅದು ಅಲ್ಲೇ ಇರ್ಬೇಕು!"

"ಕಿಲುಬು ವಿಷ ಕಣಯ್ಯಾ. ಮುಟ್ಟಿದ ಕೈ ಬಾಯಿಗೆ ಹೋದರೆ..."

"ನನ್ನ ಬಾಯಿಗಿಂತ ವಿಷವಾ ಅದು? ದಾರಿ ಬಿಡಿ!"

ಕಾಂಪೌಂಡರು ದಾರಿ ಬಿಟ್ಟರು. ಆದರೆ ಸೀಸೆಯ ಮುಚ್ಚಳ ತೆಗೆದೇ ಇದ್ದರು. ಡಬ್ಬಿಯನ್ನು ಎದೆಗವಚಿಕೊಂಡು ಕಿಡಿಯಣ್ಣ ಗೋಡೆಗೆ ಬೆನ್ನು ಉಜ್ಜಿಕೊಂಡೇ ಇಳಿದ. ಸುಣ್ಣವೆಲ್ಲಾ ಅಂಗಿಗೆ ಬಂತು.

ಅಂಗಡಿಯಲ್ಲಿ ಅವತ್ತು ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ. ಯಾವುದೋ ಶಾಲೆಯ ಆಟೋಟದ ಬಹುಮಾನಕ್ಕೆ ಎಂಬತ್ತು ಹಿತ್ತಾಳೆ ಕಪ್ಪು ನಾಳೆ ಮಧ್ಯಾಹ್ನದೊಳಗೆ ಹೋಗಬೇಕಿತ್ತು. ಮೊದಲು ಮೋಟಾರಿನ ಬಟ್ಟೆಚಕ್ರಕ್ಕೆ ಹಿಡಿದು, ಕೊನೆಗೆ ಕೈಯಲ್ಲಿ ಮೆತ್ತನೆ ಬಟ್ಟೆಯಿಂದ ಸುತ್ತುಸುತ್ತಾಗಿ ಉಜ್ಜಬೇಕು. ಆ ಕೊನೆಯ ಉಜ್ಜಿನಲ್ಲಿ ಕಿಡಿಯಣ್ಣನನ್ನು ಮೀರಿಸಿದವರಿಲ್ಲ. ಆದರೆ ಅವನು ಎಡಗೈಯವನು. ಎಲ್ಲರ ಸುತ್ತು ಬಲಕ್ಕೆ ತಿರುಗಿದರೆ ಅವನದು ಎಡಕ್ಕೆ. ಸಾಲಾಗಿ ಜೋಡಿಸಿದ ಕಪ್ಪುಗಳಲ್ಲಿ ಅವನು ಉಜ್ಜಿದ್ದರ ಮೇಲೆ ಬೆಳಕು ಬೇರೆ ಥರ ತಿರುಗುತ್ತಿತ್ತು.

"ನೋಡು, ನಿನ್ನವೆಲ್ಲಾ ಮುಖ ತಿರುಗಿಸ್ಕೊಂಡು ನಿಂತಿವೆ. ನಿನ್ನ ಹಾಗೇ," ಅಂದರು ಯಜಮಾನರು, ಬಂದ ತಕ್ಷಣ. ಅವರು ಇದನ್ನು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದರು. "ಎಷ್ಟು ದೂರದಿಂದ ನೋಡಿದ್ರೂ ಹೇಳ್ತೀನಿ ನಾನು, ಇದು ಕಿಡಿ ಉಜ್ಜಿದ್ದು ಅಂತ."

ಇವತ್ತೊಂದು ದಿನ, ಎಂದುಕೊಂಡು ಕಿಡಿಯಣ್ಣ ಹಲ್ಲು ಕಚ್ಚಿದ. ಡಬ್ಬಿಯನ್ನು ಕಿಟಕಿಯ ಹಲಗೆಯ ಮೇಲಿಟ್ಟ.

ಹತ್ತು ನಿಮಿಷಕ್ಕೆಲ್ಲಾ ಡಬ್ಬಿ ಕಾಣೆ. ತೊಟ್ಟಿಯ ಹತ್ತಿರ, ತೊಳೆಯುವ ಅಕ್ಕ ನಾಮಫಲಕಗಳ ಜೊತೆ ಅದನ್ನೂ ಮಡಿಲಲ್ಲಿಟ್ಟುಕೊಂಡು, ಒಂದು ಕಾಸನ್ನು ಸೋಪಿನ ನೀರಿನ ಮೇಲೆ ಹಿಡಿದಿದ್ದಳು.

"ಅಕ್ಕಾ! ಬಿಡು! ಕೆಳಗಿಡು!"

"ಬಿಡ್ಲಾ, ಕೆಳಗಿಡ್ಲಾ? ಒಂದು ಹೇಳು. ಬಿಟ್ರೆ ತೊಟ್ಟಿಗೆ ಬೀಳುತ್ತೆ."

ಅವನು ಓಡಿ ಬಂದು ಅವಳ ಬೆರಳಿನಿಂದ ಕಾಸು ಬಿಡಿಸಿದ.

"ಎಷ್ಟು ಗಲೀಜಾಗಿದೆ ಅಂತ ನೋಡಿದ್ಯಾ ತಮ್ಮಾ? ನನ್ನ ಕಣ್ಮುಂದೆ ಇಂಥದ್ದು ಇದ್ರೆ ನನಗೆ ಊಟ ಸೇರಲ್ಲ."

"ಹಾಗಾದ್ರೆ ಉಪವಾಸ ಇರು!"

ಡಬ್ಬಿ ಕಪಾಟಿನ ಮೇಲೆ ಹೋಯಿತು. ಅಲ್ಲಿ ಕಪ್ಪುಗಳ ಮೇಲೆ ಹೆಸರು ಕೊರೆಯುವ ಕೆತ್ತನೆಯವನ ಕಣ್ಣಿಗೆ ಬಿತ್ತು. ಅವನು ಮರ್ಯಾದಸ್ಥ. ಕದಿಯಲಿಲ್ಲ, ಎತ್ತಿಕೊಂಡು ಬಂದು ಕಿಡಿಯಣ್ಣನ ಮುಂದೆಯೇ ಕೂತು ಒಂದು ಕಾಸಿಗೆ ಉಳಿ ಹಿಡಿದ.

"ಕಿಡಿಯಣ್ಣಾ, ಇಲ್ಲೊಂದು ಅಕ್ಷರ ಮುಳುಗಿದೆ. ಸ್ವಲ್ಪ ಕೆರೆದು ಮೇಲೆ ತರ್ಲಾ? ಕಾಣದೇ ಇದ್ರೆ ನಾನೇ ಹೊಸದು ಕೊರೆದು ಕೊಡ್ತೀನಿ. ನಿನಗೆ ಯಾವ ರಾಜನ ಹೆಸರು ಬೇಕು?"

"ನಿನ್ನ ಹಣೆ ಮೇಲೆ ಕೊರ್ಕೋ!"

ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸಿದ ಹಾಗೆ ಕಿಡಿಯಣ್ಣ ಡಬ್ಬಿಯನ್ನು ಹೊತ್ತು ತಿರುಗಿದ. ಮೋಟಾರಿನ ಹಿಂದೆ, ಎಣ್ಣೆ ಪೀಪಾಯಿಯ ಪಕ್ಕ, ಖಾಲಿ ರಟ್ಟಿನ ಪೆಟ್ಟಿಗೆಯೊಳಗೆ. ಪ್ರತಿ ಸಲ ಎಣಿಸಿದ. ಹದಿನಾರು. ಮಧ್ಯಾಹ್ನ ಡಬ್ಬಿಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡೇ ಊಟ ಮಾಡಿದ. ಅಷ್ಟರಲ್ಲಿ ಅಂಗಡಿಯಲ್ಲಿ ಎಲ್ಲರಿಗೂ ಒಂದೇ ಚಿಂತೆ: ಹದಿನಾರು ಕೊಳಕು ಕಾಸು ಇಲ್ಲೇ ಇವೆ, ಉಜ್ಜುವ ಹಾಗಿಲ್ಲ. ಇಪ್ಪತ್ತು ವರ್ಷದ ಕೈಗಳು ಸುಮ್ಮನಿರುತ್ತವೆಯೇ? ಕೆತ್ತನೆಯವನು ತನಗೆ ಗೊತ್ತಿಲ್ಲದೆ ತನ್ನ ಊಟದ ಡಬ್ಬಿಯನ್ನೇ ಉಜ್ಜುತ್ತಿದ್ದ.

ಎರಡು ಗಂಟೆಗೆ ಕಪ್ಪುಗಳನ್ನು ನೋಡಲು ಶಾಲೆಯ ಟೀಚರೊಬ್ಬರು ಬಂದರು. ಯಜಮಾನರು ಹಲ್ಲು ಬಿಟ್ಟುಕೊಂಡು ರಟ್ಟಿನ ಪೆಟ್ಟಿಗೆಗೆ ಕೈ ಹಾಕಿ, "ನಮ್ಮ ಕೆಲಸ ನೋಡಿ ಮೇಡಂ," ಎಂದು ತೆಗೆದಿದ್ದು ತಗಡಿನ ಡಬ್ಬಿ. ಮುಚ್ಚಳ ಬಿಚ್ಚಿಕೊಂಡಿತು. ಟೀಚರು ಒಳಗೆ ನೋಡಿ, ಮೂಗಿಗೆ ಕರ್ಚೀಫು ಹಿಡಿದು, "ಇದು ಪಾಲಿಶ್ ಮಾಡಿದ ಮೇಲೆ ಹೀಗಾಗೋದಾ?" ಎಂದು ಕೇಳಿದರು.

ಅವರು ಹೋದ ಮೇಲೆ ಯಜಮಾನರ ಮುಖ ಕಾದ ಹೆಂಚಿನಂತಾಯಿತು.

"ಏನಯ್ಯಾ ಇದು! ಕ್ಷೌರದಂಗಡೀಲಿ ಜಡೆ ಮಾರಕ್ಕೆ ಇಟ್ಟ ಹಾಗೆ, ಪಾಲಿಶ್ ಅಂಗಡೀಲಿ ಕಿಲುಬು ಸಾಕ್ತಾ ಇದ್ದೀಯಲ್ಲ! ಈಗ ಚಕ್ರಕ್ಕೆ ಹಿಡಿತೀಯೋ, ನಾನು ಹಿಡೀಲೋ?"

"ಮುಟ್ಟಿದ್ರೆ ನೋಡಿ!"

"ನನ್ನ ಅಂಗಡಿ, ನನ್ನ ಚಕ್ರ!"

"ನಿಮ್ಮ ಚಕ್ರ ನೀವೇ ಇಟ್ಕೊಂಡು ತಿರುಗಿಸ್ಕೊಳ್ಳಿ! ಸಂಜೆ ಹೊತ್ತಿಗೆ ನನ್ನದೇ ಮೋಟಾರು ಬರುತ್ತೆ. ನಾಳೆಯಿಂದ ನಾನು ಈ ಬಾಗಿಲು ತುಳಿಯಲ್ಲ!"

ಮೋಟಾರು ಗುಂಯ್ ಎನ್ನುತ್ತಲೇ ಇತ್ತು. ತೊಳೆಯುವ ಅಕ್ಕ ನಲ್ಲಿ ನಿಲ್ಲಿಸಿದಳು.

"ಕೋಪದಲ್ಲಿ ಕೊಯ್ದ ಮೂಗು ಆಮೇಲೆ ಬರಲ್ಲ ಕಣಣ್ಣಾ," ಅಂದ ಕೆತ್ತನೆಯವನು ಮೆಲ್ಲಗೆ.

"ನನ್ನ ಮೂಗು, ನಾನು ಕೊಯ್ಕೋತೀನಿ!"

ನಾಲ್ಕೂವರೆಗೆ ಸರಿಯಾಗಿ ನಾಣ್ಯದವರು ಬಂದರು. ತೆಳ್ಳಗಿನ ಮನುಷ್ಯ, ಪಿಸುಮಾತಿನಂಥ ದನಿ. ಬಿಳಿ ಬಟ್ಟೆ ಹಾಸಿ, ಪುಟ್ಟ ತಕ್ಕಡಿ, ಭೂತಗನ್ನಡಿ, ಹಲ್ಲುಕಡ್ಡಿಗಳ ಕಟ್ಟು ಜೋಡಿಸಿಟ್ಟರು. ಕೆಲಸ ಬಿಟ್ಟು ಎಲ್ಲರೂ ಸುತ್ತ ನಿಂತರು. ಕೋಪದಲ್ಲಿ ದೂರ ಕೂತಿದ್ದ ಯಜಮಾನರೂ ಕುರ್ಚಿಯನ್ನು ಸ್ವಲ್ಪಸ್ವಲ್ಪವೇ ಜರುಗಿಸಿಕೊಂಡು ಬಂದರು.

"ಏನೂ ಮುಟ್ಟಿಲ್ಲ ತಾನೆ?"

"ಮುಟ್ಟಿಲ್ಲ ಸರ್. ಇದಕ್ಕೋಸ್ಕರ ಬೆಳಗ್ಗೆಯಿಂದ ಎಷ್ಟು ಜನರ ಹತ್ರ ಜಗಳ ಆಡಿದ್ದೀನಿ ಕೇಳಿ."

"ತುಂಬಾ ಒಳ್ಳೇದು. ನಿಮ್ಮಂಥವರು ಅಪರೂಪ."

ಕಿಡಿಯಣ್ಣ ಯಜಮಾನರ ಕಡೆ ನೋಡಿ ಎದೆ ಉಬ್ಬಿಸಿದ.

ನಾಣ್ಯದವರು ಮೊದಲ ಕಾಸನ್ನು ಹಲ್ಲುಕಡ್ಡಿಯಿಂದ ಮೆಲ್ಲಗೆ ಒತ್ತಿದರು. "ಕಿಲುಬಿನಲ್ಲಿ ಎರಡು ಜಾತಿ. ಗಟ್ಟಿಯಾಗಿ, ಚರ್ಮದ ಹಾಗೆ ಕೂತಿದ್ರೆ ಅದು ಕಾಸನ್ನ ಕಾಯುತ್ತೆ. ಹಿಟ್ಟಿನ ಹಾಗೆ ಉದುರಿದ್ರೆ ತಿನ್ನುತ್ತೆ." ಉದುರಲಿಲ್ಲ. ಕಿಡಿಯಣ್ಣ ಉಸಿರು ಬಿಟ್ಟ. ಅವರು ತೂಗಿದರು. ಹುಬ್ಬು ಗಂಟಾಯಿತು. ಎರಡನೆಯದನ್ನು ತೂಗಿದರು. ಮೂರನೆಯದನ್ನು ಕಿಟಕಿಯಿಂದ ಬರುವ ಓರೆ ಬಿಸಿಲಿಗೆ ಹಿಡಿದು, ಭೂತಗನ್ನಡಿಯಲ್ಲಿ ಆ ಕಡೆ ಈ ಕಡೆ ವಾಲಿಸಿದರು. ಆಮೇಲೆ ಹದಿನಾರನ್ನೂ ಹಾಗೇ ನೋಡಿದರು.

"ಇದನ್ನ ಯಾರೋ ಉಜ್ಜಿದ್ದಾರೆ," ಅಂದರು ಕೊನೆಗೆ.

"ಸಾಧ್ಯವೇ ಇಲ್ಲ! ನನ್ನ ಕಣ್ಣು ತಪ್ಪಿಸಿ ಯಾರೂ..."

"ಇವತ್ತಲ್ಲ ಸ್ವಾಮಿ. ನಲವತ್ತು ವರ್ಷ ಆಗಿರ್ಬಹುದು. ಇಟ್ಟಿಗೆ ಪುಡಿ ಹಾಕಿ, ಅಕ್ಷರ ಎಲ್ಲಾ ಸವೆಯೋ ಹಾಗೆ ಉಜ್ಜಿದ್ದಾರೆ. ಆಮೇಲೆ ಅದರ ಮೇಲೆ ಕಿಲುಬು ಬೆಳೆದಿದೆ. ಬರೀ ನುಣುಪು ಬಿಲ್ಲೆಯ ಮೇಲೆ ಪಾಚಿ ಕಟ್ಟಿದೆ, ಅಷ್ಟೆ."

ಕಿಡಿಯಣ್ಣನಿಗೆ ಕಣ್ಣು ಕತ್ತಲಿಟ್ಟಿತು. ಆಮೇಲೆ ಬಾಯಿ ಬಿಚ್ಚಿತು.

"ಯಾವ ಅವಿವೇಕಿ ಸರ್ ಅದು! ಉಜ್ಜಕ್ಕೆ ಬೇರೆ ಏನೂ ಸಿಗಲಿಲ್ವಾ ಅವನಿಗೆ? ಅವನ ಕೈ ಸೇದಿ ಹೋಗ! ಬುದ್ಧಿ ಅನ್ನೋದು ಮೊಣಕಾಲಲ್ಲೂ ಇಲ್ಲದ ಮುಟ್ಠಾಳ! ಇಂಥವನನ್ನ ಹೆತ್ತ ತಾಯಿಗಾದ್ರೂ..."

"ಕೆಲಸ ಮಾತ್ರ ಶ್ರದ್ಧೆಯಿಂದ ಮಾಡಿದ್ದಾನೆ," ಅಂದರು ನಾಣ್ಯದವರು. "ಹದಿನಾರಕ್ಕೂ ಒಂದೇ ಕೈ. ಒಂದು ವಿಚಿತ್ರ ನೋಡಿ, ಸುತ್ತೆಲ್ಲಾ ಎಡಕ್ಕೆ ತಿರುಗಿದೆ. ಉಜ್ಜಿದವನು ಎಡಗೈಯವನು."

ಯಜಮಾನರು ಎದ್ದು ಬಂದರು. ಭೂತಗನ್ನಡಿ ಇಸಿದುಕೊಂಡರು. ಒಂದು ಕಾಸು ನೋಡಿದರು, ಇನ್ನೊಂದು ನೋಡಿದರು. ಅವರ ಮುಖದ ಮೇಲೆ ನಿಧಾನವಾಗಿ ಬೆಳಗಾಯಿತು.

"ಇದು ಕಿಡಿ ಉಜ್ಜಿದ್ದು," ಅಂದರು.

ತೊಳೆಯುವ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಕೆತ್ತನೆಯವನು ಗೋಡೆಯ ಕಡೆ ತಿರುಗಿದ. ಅವನ ಬೆನ್ನು ಮಾತ್ರ ಕುಣಿಯುತ್ತಿತ್ತು.

ಕಿಡಿಯಣ್ಣನಿಗೆ ಆಗ ನೆನಪಾಯಿತು. ಏಳು ವರ್ಷದ ತಾನು. ಹಿತ್ತಲಿನ ಕಲ್ಲು. ಅಪ್ಪ ಮುಂದಿಟ್ಟ ಕರಿ ಬಿಲ್ಲೆಗಳು. "ದಿನಕ್ಕೊಂದು. ನನ್ನ ಮುಖ ಕಾಣೋವರೆಗೂ ಉಜ್ಜು. ಇದೇ ನಿನ್ನ ಮೊದಲ ಪಾಠ." ಅವು ಕಾಸು ಎಂದು ಯಾರಿಗೆ ಗೊತ್ತಿತ್ತು? ಅಪ್ಪನ ಮುಖ ಕಂಡಿತೋ ಇಲ್ಲವೋ, ರಾಜನ ಮುಖ ಮಾತ್ರ ಅಳಿಸಿಹೋಗಿತ್ತು.

"ಬೇಜಾರಾಗಬೇಡಿ. ತಾಮ್ರದ ತೂಕಕ್ಕೆ ಯಾರಾದ್ರೂ ತಗೋತಾರೆ," ಎಂದು ಹೇಳಿ ನಾಣ್ಯದವರು ಕೈ ತೊಳೆಯಲು ಹಿಂದಿನ ನಲ್ಲಿಗೆ ಹೋದರು.

ದಿನವಿಡೀ ಕಂಡಕಂಡವರ ಮೇಲೆ ಹಾರಿದ ಕೋಪ ಈಗ ಮನೆಗೆ ವಾಪಸ್ಸು ಬಂದಿತ್ತು. ಯಾರನ್ನು ಬಯ್ಯಬೇಕು? ಸತ್ತ ಅಪ್ಪನನ್ನೇ? ಏಳು ವರ್ಷದ ಹುಡುಗನನ್ನೇ? ಕಿಡಿಯಣ್ಣ ಮೇಜಿಗೆ ಒಂದು ಗುದ್ದು ಗುದ್ದಿದ. ಆ ಹೊಡೆತಕ್ಕೆ ಬಗ್ಗಿದವನ ಜೇಬಿನಿಂದ ಏನೋ ಠಣ್ ಎಂದು ನೆಲಕ್ಕೆ ಬಿದ್ದು, ಸುತ್ತು ಹಾಕಿ, ಅವನ ಚಪ್ಪಲಿಯ ಬಳಿ ಮಲಗಿತು.

ಅಮ್ಮನ ಗುಂಡಿ ಡಬ್ಬಿಯ ಕಾಸು.

"ಓಹೋ, ನೀನೊಬ್ಬ ಬಾಕಿ ಇದ್ದೆಯಾ? ಬಾ, ನಿನಗೂ ತೋರಿಸ್ತೀನಿ!"

ಯಾರಾದರೂ ತಡೆಯುವ ಮೊದಲೇ ಅವನು ಅದನ್ನು ಚಕ್ರಕ್ಕೆ ಹಿಡಿದಿದ್ದ. ತಡೆಯಬೇಕೆಂದು ಯಾರಿಗೂ ಅನ್ನಿಸಲೂ ಇಲ್ಲ. ನಿಜ ಹೇಳಬೇಕೆಂದರೆ ಎಲ್ಲರಿಗೂ ಬೆಳಗ್ಗೆಯಿಂದ ಕಟ್ಟಿದ್ದ ಉಸಿರು ಬಿಟ್ಟ ಹಾಗಾಯಿತು. ಚಕ್ರ ಗುಂಯ್ ಎಂದಿತು. ಕಂದು ಬಣ್ಣ ಹೋಯಿತು. ಆಮೇಲೆ ಬಟ್ಟೆ ಹಿಡಿದು, ಸಿಟ್ಟಿನ ಒಂದೊಂದು ಸುತ್ತಿಗೂ ಒಂದೊಂದು ಬೈಗುಳ ಸೇರಿಸಿ ಉಜ್ಜಿದ. ಎರಡೇ ನಿಮಿಷ. ಕಾಸು ಬೆಂಕಿಯ ಕೆಂಡದ ಹಾಗೆ ಹೊಳೆಯಿತು. "ಆಹಾ," ಅಂದಳು ತೊಳೆಯುವ ಅಕ್ಕ ಮನಸಾರೆ.

ನಾಣ್ಯದವರು ಕರ್ಚೀಫಿನಿಂದ ಕೈ ಒರೆಸಿಕೊಳ್ಳುತ್ತಾ ಬಂದರು. ಮೇಜಿನ ಮೇಲಿನ ಹೊಳಪು ಕಂಡು ನಿಂತರು. ಎತ್ತಿಕೊಂಡರು. ಭೂತಗನ್ನಡಿ ಇಟ್ಟು ನೋಡಿದರು. ಅವರ ಪಿಸುದನಿ ಇನ್ನೂ ಕೆಳಗಿಳಿಯಿತು.

"ಇದು ಎಲ್ಲಿತ್ತು?"

"ಜೇಬಲ್ಲಿ."

"ಇದರ ಒಂದಕ್ಷರಾನೂ ಸವೆದಿಲ್ಲ. ರಾಜನ ಮೀಸೆಯ ಕೂದಲು ಎಣಿಸಬಹುದು. ಟಂಕಸಾಲೆಯಿಂದ ಬಂದ ಮೇಲೆ ಇದಕ್ಕೆ ಒಂದು ಕೈಯೂ ಸೋಕಿರಲಿಲ್ಲ." ಅವರು ಕುರ್ಚಿಯಲ್ಲಿ ಕೂತರು. "ಹತ್ತು ನಿಮಿಷದ ಹಿಂದೆ ತೋರಿಸಿದ್ರೆ ಇದೊಂದಕ್ಕೇ ನೀವು ಎರಡು ಮೋಟಾರು ತಗೋಬಹುದಿತ್ತು."

"ಈಗ?" ಎಂದ ಕಿಡಿಯಣ್ಣ. ದನಿ ಅವನದಾಗಿರಲಿಲ್ಲ.

"ಈಗ ಎರಡು ತೂತು ಕೊರೆಸಿದ್ರೆ ಒಳ್ಳೇ ಗುಂಡಿ ಆಗುತ್ತೆ. ಉಜ್ಜಿದ್ದು ಯಾರು?"

ಎಲ್ಲರೂ ಅವನ ಎಡಗೈ ನೋಡಿದರು. ಅದರಲ್ಲಿ ಬಟ್ಟೆ ಇನ್ನೂ ಹಾಗೇ ಇತ್ತು.

ಯಜಮಾನರು ಕೆಮ್ಮಿದರು. ನಗಲಿಲ್ಲ. ಅದೇ ಹೆಚ್ಚು ಚುಚ್ಚಿತು. "ನಾಳೆ ಎಂಟಕ್ಕೆ ಬಾ. ಇನ್ನೂ ನಲವತ್ತು ಕಪ್ಪು ಬಾಕಿ ಇವೆ," ಅಂದರು.

ಆರು ಗಂಟೆಗೆ ಕಿಡಿಯಣ್ಣ ಗುಜರಿಯವನ ಅಂಗಡಿಯ ಮುಂದೆಯೇ ನಡೆದು ಹೋದ. ಇಬ್ಬರು ಮೋಟಾರನ್ನು ಕೈಗಾಡಿಗೆ ಏರಿಸುತ್ತಿದ್ದರು. ಅವನು ರಸ್ತೆಯ ಆ ಬದಿಗೆ ದಾಟಿದ.

ಮನೆಯಲ್ಲಿ ಅಮ್ಮ ಅದೇ ಜಾಗದಲ್ಲಿ ಕೂತಿದ್ದರು. ಅವನ ಮುಖ ನೋಡಿ ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಅವನು ತಗಡಿನ ಡಬ್ಬಿ ಕೆಳಗಿಟ್ಟು, ಜೇಬಿನಿಂದ ಕಾಸು ತೆಗೆದು ಅವರ ಅಂಗೈಯಲ್ಲಿಟ್ಟ.

"ಬೆಳಗ್ಗೆ ಹೇಳಕ್ಕೆ ಬಂದೆ, ನೀನು ಕೇಳಲಿಲ್ಲ," ಅಂದರು ಅಮ್ಮ. "ನಿಮ್ಮಪ್ಪ ನಿನಗೆ ಕೆಲಸ ಕಲಿಸಕ್ಕೆ ಅಂತ ಹದಿನೇಳು ಕಾಸು ಇಟ್ಟಿದ್ರು. ಹದಿನಾರನೇ ದಿನ ನಿನ್ನ ಬೆರಳಿನ ತುದಿಯೆಲ್ಲಾ ರಕ್ತ. ನನಗೆ ತಡೆಯಕ್ಕಾಗಲಿಲ್ಲ. ಹದಿನೇಳನೆಯದನ್ನ ಗುಂಡಿ ಡಬ್ಬೀಲಿ ಬಚ್ಚಿಟ್ಟು, ಕಳೆದುಹೋಯ್ತು ಅಂದ್ಬಿಟ್ಟೆ. ಸಾಯೋವರೆಗೂ ಗೊಣಗ್ತಾನೇ ಇದ್ರು, ನಿನ್ನ ಪಾಠ ಅರ್ಧಕ್ಕೇ ನಿಂತುಹೋಯ್ತು ಅಂತ."

ಕನ್ನಡಕ ಸರಿಮಾಡಿಕೊಂಡು ಕಾಸನ್ನು ದೀಪಕ್ಕೆ ಹಿಡಿದರು. ಸುಕ್ಕುಗಟ್ಟಿದ ಮುಖದ ಮೇಲೆ ಕೆಂಪು ಬೆಳಕು ಎಡಕ್ಕೆ ತಿರುಗಿತು.

"ಅಬ್ಬಾ, ಎಷ್ಟು ಚೆನ್ನಾಗಿ ಹೊಳೀತಿದೆ! ಮುಖ ಕಾಣ್ತಿದೆ ನೋಡು ಮಗಾ. ಇವತ್ತಿಗೆ ನಿನ್ನ ಪಾಠ ಪೂರ್ತಿ ಆಯ್ತು."

ಕಿಡಿಯಣ್ಣ ಕೂಗಲು ಬಾಯಿ ತೆರೆದ. ಮುಚ್ಚಿದ.

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ತಗಡಿನ ಡಬ್ಬಿಯ ಕಡೆ ಒಮ್ಮೆ, ಗಂಡನ ಕಡೆ ಒಮ್ಮೆ ನೋಡಿದಳು.

"ರೀ," ಅಂದಳು ಬಹಳ ಮೆತ್ತಗೆ, "ನಿಂಬೆಹಣ್ಣು ಇನ್ನರ್ಧ ಉಳಿದಿದೆ."